ನಿಂತುಹೋದ ರೈಲನ್ನು ಮತ್ತೆ ಓಡಿಸುವುದು ಹೇಗೆ? ಊರಿನ ಹೋರಾಟಕ್ಕೊಂದು ಸಮಗ್ರ ಮಾರ್ಗದರ್ಶಿ

ಹಳಿ ಇದೆ, ಸ್ಟೇಷನ್ ಕಟ್ಟಡ ಇದೆ, ರೈಲು ಮಾತ್ರ ಇಲ್ಲ. ಕರ್ನಾಟಕದಲ್ಲಿ ಇಂಥ ಊರುಗಳು ಹಿಂದೆಯೂ ಇದ್ದವು, ಈಗಲೂ ಇವೆ. ಕೆಲವು ಕಡೆ ಜನ ಬಿಡದೆ ಬೆನ್ನುಹತ್ತಿ ರೈಲು ತಂದುಕೊಂಡರು. ಹೊಸಪೇಟೆ–ಕೊಟ್ಟೂರು ಲೈನನ್ನೇ ನೋಡಿ. ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳೇ ಹಳಿ) ಕಾಲದಲ್ಲಿ ಅಲ್ಲಿ ಪ್ಯಾಸೆಂಜರ್ ಓಡುತ್ತಿತ್ತು. ಬ್ರಾಡ್ ಗೇಜ್ (ಈಗಿನ ಅಗಲ ಹಳಿ) ಆದಮೇಲೆ ಗೂಡ್ಸ್ ಬಂತು, ಜನರ ರೈಲು ಬರಲಿಲ್ಲ. ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೊಸ ಹಳಿ ಬಿದ್ದಮೇಲೂ ವರ್ಷಗಟ್ಟಲೆ ಕಾಯಬೇಕಾಯಿತು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಶುರುವಾಗಿದ್ದು 2019ರ ಅಕ್ಟೋಬರ್‌ನಲ್ಲಿ.

ಇಂಥ ಹೋರಾಟಗಳನ್ನು ನೋಡುತ್ತಾ ಬಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ಹಳಿಯದು ಒಂದು ಫೈಲ್, ರೈಲಿನದು ಇನ್ನೊಂದು, ಟೈಮಿಂಗಿನದು ಮತ್ತೊಂದು. ಮೂರೂ ಬೇರೆ ಬೇರೆ ಟೇಬಲ್ ಮೇಲೆ ಇರುತ್ತವೆ. ಸುಮ್ನೆ "ನಮ್ಮೂರಿಗೆ ರೈಲು ಬಿಡಿ" ಅಂತ ಕೇಳಿದವರಿಗೆ ಭರವಸೆ ಸಿಗುತ್ತದೆ. "ಇಂಥ ರೇಕನ್ನು ಇಂಥ ಗಂಟೆಗೆ ಇಲ್ಲಿಯವರೆಗೆ ಓಡಿಸಿ" ಅಂದವರಿಗೆ ಉತ್ತರ ಕೊಡಲೇಬೇಕಾಗುತ್ತದೆ. ರೇಕ್ ಅಂದರೆ ಒಂದು ರೈಲಿನ ಇಡೀ ಬೋಗಿಗಳ ಸಾಲು.

1. ನಿಮ್ಮ ಲೈನ್ ಯಾವ ಸ್ಥಿತಿಯಲ್ಲಿದೆ?

ಇದನ್ನು ತಿಳಿಯದೆ ಬ್ಯಾನರ್ ಬರೆಸಬೇಡಿ. ಒಟ್ಟು ನಾಲ್ಕು ಥರ ಇರುತ್ತವೆ.

ಮೊದಲನೆಯದು, ಗೂಡ್ಸ್ ಓಡುತ್ತಿದೆ, ಪ್ಯಾಸೆಂಜರ್ ಇಲ್ಲ. ಕೊಟ್ಟೂರಿನದು ಮೊದಲು ಇದೇ ಕತೆಯಾಗಿತ್ತು. ಕಾಗದ ಕಾರ್ಖಾನೆ ಇರುವ ದಾಂಡೇಲಿಯದೂ ಹೆಚ್ಚುಕಡಿಮೆ ಇದೇ. ಇಂಥಲ್ಲಿ ಹಳಿಗೆ ದುಡ್ಡು ಕೇಳುವ ಅಗತ್ಯವೇ ಇಲ್ಲ, ರೈಲು ಕೇಳಿದರೆ ಸಾಕು.

ಎರಡನೆಯದು, ಗೇಜ್ ಬದಲಾವಣೆಗೆ ಅಂತ ನಿಲ್ಲಿಸಿದ್ದು. ಹಾಸನ–ಮಂಗಳೂರು ಲೈನ್ 1996ರಲ್ಲಿ ಹೀಗೆ ನಿಂತಿತು. ಗೂಡ್ಸ್ ಶುರುವಾಗಿದ್ದು 2006ರಲ್ಲಿ, ಜನರ ರೈಲು 2007ರ ಡಿಸೆಂಬರ್‌ನಲ್ಲಿ. ಗೂಡ್ಸ್ ಓಡಿದ ತಕ್ಷಣ ಪ್ಯಾಸೆಂಜರ್ ಬಂದೇಬಿಡುತ್ತದೆ ಅಂದುಕೊಳ್ಳುವವರು ಈ ಎರಡು ಇಸವಿಗಳನ್ನು ನೆನಪಿಟ್ಟುಕೊಳ್ಳಬೇಕು.

ಮೂರನೆಯದು, ಹಳಿ ಇದೆ, ಆದರೆ ಏನೂ ಓಡುತ್ತಿಲ್ಲ. ಮುಳ್ಳುಗಿಡ ಬೆಳೆದಿದೆ, ಸೇತುವೆ ತುಕ್ಕು ಹಿಡಿದಿದೆ. ಇಲ್ಲಿ ದುರಸ್ತಿಯ ಅಂದಾಜು ಪಟ್ಟಿ ಬೇಕು.

ನಾಲ್ಕನೆಯದು, ಹಳಿ ಕಿತ್ತು ದಶಕಗಳಾಗಿವೆ. ತರೀಕೆರೆ–ನರಸಿಂಹರಾಜಪುರದ ಸಣ್ಣ ರೈಲಿನ ಹಾಗೆ. ಇದು ಹಳೇ ಲೈನ್ ತೆರೆಯುವ ಹೋರಾಟವೇ ಅಲ್ಲ, ಹೊಸ ಲೈನ್ ಹೋರಾಟ. ಭೂಸ್ವಾಧೀನ, ಅರಣ್ಯ ಅನುಮತಿ ಎಲ್ಲ ಮೊದಲಿನಿಂದ ಆಗಬೇಕು. ಹೋರಾಡಬೇಡಿ ಅನ್ನುತ್ತಿಲ್ಲ. ಆದರೆ ಊರಿನವರಿಗೆ ಮೊದಲೇ ನಿಜ ಹೇಳಿಬಿಡಿ.

2. ಲೈನನ್ನು ಕಣ್ಣಾರೆ ನೋಡಿ, ಆದರೆ ಹಳಿ ಮೇಲೆ ನಡೆಯಬೇಡಿ

ರೈಲು ಓಡದ ಹಳಿಯಾದರೂ ಅದು ರೈಲ್ವೆ ಜಾಗ. ಅನುಮತಿ ಇಲ್ಲದೆ ಹೋದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಇದೆ. ರಸ್ತೆ ಹಳಿಯನ್ನು ದಾಟುವ ಜಾಗಗಳಲ್ಲಿ ನಿಂತರೆ ಬೇಕಾದ್ದು ಬಹುಪಾಲು ಕಾಣುತ್ತದೆ.

ಗೇಟ್ ಹತ್ತಿರ ನಿಂತು ಹಳಿಯ ಪಕ್ಕೆಯನ್ನು, ಅಂದರೆ ಮೇಲಿನ ತಲೆಗೂ ಕೆಳಗಿನ ಪಾದಕ್ಕೂ ನಡುವಿನ ಭಾಗವನ್ನು ನೋಡಿ. ಅಲ್ಲಿ ಉಬ್ಬು ಅಕ್ಷರದಲ್ಲಿ ತೂಕ, ತಯಾರಿಸಿದ ಕಾರ್ಖಾನೆ, ಇಸವಿ ಇರುತ್ತದೆ. 52 ಅಥವಾ 60 ಅಂತ ಕಂಡರೆ ಒಂದು ಮೀಟರಿಗೆ ಅಷ್ಟು ಕೆಜಿ ತೂಗುವ ಹಳಿ. ಒಳ್ಳೇ ಸುದ್ದಿ, ಈಗಿನ ರೈಲುಗಳಿಗೆ ಆಗುತ್ತದೆ. 90 ಆರ್ ಅಂತ ಇದ್ದರೆ ಗಾಬರಿಯಾಗಬೇಡಿ, ಅದು ಗಜಕ್ಕೆ ಪೌಂಡ್ ಲೆಕ್ಕದ ಹಳೇ ಹಳಿ. ಹಳಿ ಬದಲಿಸುವ ಖರ್ಚು ಅಂದಾಜಿನಲ್ಲಿ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಸ್ಲೀಪರ್, ಅಂದರೆ ಹಳಿಯ ಅಡಿಗೆ ಅಡ್ಡ ಹಾಕುವ ದಿಮ್ಮಿ, ಕಾಂಕ್ರೀಟಿನದಾ, ಮರದ್ದಾ? ಜಲ್ಲಿ ಇದೆಯಾ, ಮಣ್ಣಲ್ಲಿ ಹೂತಿದೆಯಾ? ಫೋಟೋ ತೆಗೆಯಿರಿ, ಜಾಗದ ಹೆಸರು ಬರೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಲೆವೆಲ್ ಕ್ರಾಸಿಂಗ್. ಎಷ್ಟು ಕಡೆ ರಸ್ತೆ ಹಳಿಯನ್ನು ದಾಟುತ್ತದೆ ಅಂತ ಎಣಿಸಿ. ಬ್ರಾಡ್ ಗೇಜಿನಲ್ಲಿ ಕಾವಲುಗಾರರಿಲ್ಲದ ಗೇಟುಗಳನ್ನು ರೈಲ್ವೆ 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದುಹಾಕಿದೆ. ಹಾಗಾಗಿ ನಿಮ್ಮ ಲೈನ್ ಮತ್ತೆ ತೆರೆಯಬೇಕಾದರೆ ಪ್ರತಿ ದಾಟುವ ಜಾಗಕ್ಕೂ ಕೆಳಸೇತುವೆಯೋ ಮೇಲ್ಸೇತುವೆಯೋ ಗೇಟ್‌ಮನ್ನೋ ಬೇಕು, ಇಲ್ಲವೇ ಆ ದಾರಿ ಮುಚ್ಚಬೇಕು. ಬಂಡಿದಾರಿ ಮುಚ್ಚಿದರೆ ಸಿಟ್ಟಾಗುವವರು ನಿಮ್ಮೂರಿನ ರೈತರೇ. ಅವರ ಹತ್ತಿರ ಈಗಲೇ ಮಾತಾಡಿ, ಆಮೇಲಲ್ಲ. ಕೆಳಸೇತುವೆ ಕೊಟ್ಟರೂ ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತಿರೋ ವಿಷಯ ತಾನೇ? ನೀರು ಹೋಗುವ ದಾರಿಯನ್ನೂ ಮನವಿಯಲ್ಲೇ ಕೇಳಿ.

3. ಕಾಗದ ಹೊರಗೆ ತೆಗೆಯಿರಿ

ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ. ಬಿಪಿಎಲ್‌ನವರಿಗೆ ಅದೂ ಇಲ್ಲ. ಕೇಂದ್ರ ಸರ್ಕಾರದ ಕಚೇರಿಗೂ ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಬಹುದು ಅಂತ ಕಾಯ್ದೆಯ 6ನೇ ಸೆಕ್ಷನ್ನೇ ಹೇಳುತ್ತದೆ. ಅಂದರೆ ನೈಋತ್ಯ ರೈಲ್ವೆಯ ಹುಬ್ಬಳ್ಳಿ, ಮೈಸೂರು, ಬೆಂಗಳೂರು ವಿಭಾಗಗಳಿಗೆ ಕನ್ನಡದಲ್ಲೇ ಬರೆಯಬಹುದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಿ.

ಹೆಚ್ಚಿನವರು ಎಡವುವುದು ಪ್ರಶ್ನೆಯಲ್ಲಿ. "ಯಾಕೆ ರೈಲು ಬಿಡುತ್ತಿಲ್ಲ?" ಅಂತ ಕೇಳಬೇಡಿ. ಕಾರಣ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸ ಅಲ್ಲ, ದಾಖಲೆ ಕೊಡುವುದು ಅವರ ಕೆಲಸ. ಹೀಗೆ ಕೇಳಿ:

"ಇಂಥ ಸ್ಟೇಷನ್‌ನಿಂದ ಇಂಥ ಸ್ಟೇಷನ್‌ವರೆಗಿನ ಮಾರ್ಗದಲ್ಲಿ ಪ್ರಯಾಣಿಕರ ರೈಲು ನಿಲ್ಲಿಸಿದ ಆದೇಶದ ಪ್ರತಿ. ಈಗ ಆ ಮಾರ್ಗದಲ್ಲಿ ಅನುಮತಿ ಇರುವ ಗರಿಷ್ಠ ವೇಗ ತೋರಿಸುವ ದಾಖಲೆ. ಕಳೆದ ಮೂರು ವರ್ಷ ಅಲ್ಲಿ ಓಡಿದ ಗೂಡ್ಸ್ ರೈಲುಗಳ ತಿಂಗಳವಾರು ಸಂಖ್ಯೆ. ಇದುವರೆಗೆ ಆಗಿರುವ ಎಲ್ಲ ಸರ್ವೆ ವರದಿಗಳ ಪ್ರತಿ. ರೈಲು ಮತ್ತೆ ಓಡಿಸುವ ಬಗ್ಗೆ ಇರುವ ಕಡತದ ಟಿಪ್ಪಣಿ ಹಾಳೆಗಳ ಪ್ರತಿ."

ಕೊನೆಯದು ಚಿನ್ನ. ಯಾವ ಅಧಿಕಾರಿ ಏನು ಬರೆದರು, ಫೈಲ್ ಯಾವ ಟೇಬಲ್ ಮೇಲೆ ಮಲಗಿತು ಅನ್ನೋದು ಟಿಪ್ಪಣಿ ಹಾಳೆಯಲ್ಲಿ ಕಾಣುತ್ತದೆ. ಬೇಕಾದರೆ ಕಡತವನ್ನು ಕಚೇರಿಯಲ್ಲೇ ಕೂತು ನೋಡಲೂ ಕೇಳಬಹುದು. ಮೊದಲ ಒಂದು ಗಂಟೆ ಉಚಿತ.

ರಾಜ್ಯದ ಕಚೇರಿಗಳಿಗೆ ಹಾಕುವಾಗ ಎಚ್ಚರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದ ಬರೆದು ವಾಪಸ್ ಕಳಿಸಲು ನೆವ ಕೊಡಬೇಡಿ.

ಜತೆಗೆ ರೈಲ್ವೆಯ 'ಪಿಂಕ್ ಬುಕ್' ನೋಡಿ. ಬಜೆಟ್ ಜತೆ ಬರುವ ಈ ಪುಸ್ತಕದಲ್ಲಿ ಯಾವ ಕಾಮಗಾರಿಗೆ ಎಷ್ಟು ದುಡ್ಡು ಅಂತ ಇರುತ್ತದೆ. ರೈಲ್ವೆ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಲೈನಿನ ಎದುರು ಬರೀ ಸಾವಿರ ರೂಪಾಯಿ ಇದ್ದರೆ ನಗಬೇಡಿ. ಯೋಜನೆ ಕಾಗದದ ಮೇಲೆ ಸಾಯದಿರಲಿ ಅಂತ ಇಡುವ ಟೋಕನ್ ಮೊತ್ತ ಅದು. ಸತ್ತ ಯೋಜನೆಗೆ ಮತ್ತೆ ಜೀವ ಕೊಡಿಸುವುದಕ್ಕಿಂತ ಇದನ್ನು ಮುಂದೆ ತಳ್ಳುವುದು ಸುಲಭ.

4. ಜನ ಎಲ್ಲಿಗೆ, ಎಷ್ಟು ಗಂಟೆಗೆ ಹೋಗುತ್ತಾರೆ?

ಹತ್ತು ಸಾವಿರ ಸಹಿ ಸಂಗ್ರಹಿಸುವುದು ಕಷ್ಟ ಅಲ್ಲ. ಆದರೆ ರೈಲು ಓಡಿಸುವುದನ್ನು ನೋಡಿಕೊಳ್ಳುವ ರೈಲ್ವೆಯ ಆಪರೇಟಿಂಗ್ ವಿಭಾಗಕ್ಕೆ ಸಹಿಯಿಂದ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಿರೋದು ಬೆಳಿಗ್ಗೆ ಏಳಕ್ಕೆ ಎಷ್ಟು ಜನ, ಸಂಜೆ ಐದಕ್ಕೆ ಎಷ್ಟು ಜನ ಅನ್ನುವ ಲೆಕ್ಕ.

ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರನ್ನು ಪಾಳಿಯ ಮೇಲೆ ಕೂರಿಸಿ. ಮಾಮೂಲಿ ದಿನ ಒಂದು, ಸಂತೆ ದಿನ ಒಂದು, ಸೋಮವಾರ ಬೆಳಿಗ್ಗೆ ಒಂದು ಎಣಿಕೆ. ಬಸ್ಸಿನ ಹೊತ್ತು, ಹೋಗುವ ಊರು, ನಿಂತವರೂ ಸೇರಿ ಹತ್ತಿದವರ ಸಂಖ್ಯೆ ಬರೆದರೆ ಸಾಕು. ಕಾಲೇಜುಗಳಿಂದ ಬೇರೆ ಊರಿಂದ ಬರುವ ವಿದ್ಯಾರ್ಥಿಗಳ ಸಂಖ್ಯೆ, ದೊಡ್ಡಾಸ್ಪತ್ರೆಗೆ ಹೋಗುವವರ ಅಂದಾಜು, ಎಪಿಎಂಸಿಯಿಂದ ಮೆಕ್ಕೆಜೋಳ, ಅಡಿಕೆ, ಗೊಬ್ಬರದ ಲೋಡುಗಳ ಲೆಕ್ಕ ತನ್ನಿ. ಗೂಡ್ಸ್ ಇದ್ದರೆ ಹಳಿಯ ಖರ್ಚು ಅದರಲ್ಲೇ ಗಿಟ್ಟುತ್ತದೆ. ಕೊಟ್ಟೂರಿನ ಹಾಗೆ ದೊಡ್ಡ ತೇರು ನಡೆಯುವ ಊರಾದರೆ ಆ ದಿನಗಳಿಗೆ ವಿಶೇಷ ರೈಲು ಬೇರೆಯಾಗಿ ಕೇಳಿ. ಜಾತ್ರೆಯ ಜನರನ್ನು ದಿನದ ಲೆಕ್ಕಕ್ಕೆ ಸೇರಿಸಿ ಉಬ್ಬಿಸಿದರೆ ಮೊದಲ ಸಭೆಯಲ್ಲೇ ಸಿಕ್ಕಿಬೀಳುತ್ತೀರಿ.

ಇಲ್ಲೊಂದು ಕಹಿ ಸತ್ಯ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬಸ್ ಪುಕ್ಕಟೆ ಇರುವಾಗ ಟಿಕೆಟ್ ಕೊಟ್ಟು ಯಾರು ರೈಲು ಹತ್ತುತ್ತಾರೆ ಅಂತ ಯಾರೋ ಒಬ್ಬರು ಕೇಳೇ ಕೇಳುತ್ತಾರೆ. ಉತ್ತರ ಸಿದ್ಧ ಇರಲಿ. ಸರ್ಕಾರಿ ಬಸ್ಸೇ ಕಡಿಮೆ ಇರುವ ಹೊತ್ತು ಯಾವುದು, ಬಸ್ ಬದಲಿಸಬೇಕಾದ ದೂರದ ಊರು ಯಾವುದು, ರಾತ್ರಿ ಬೆಂಗಳೂರು ರೈಲಿಗೆ ಜೋಡಿಸಿದರೆ ಎಷ್ಟು ಜನಕ್ಕೆ ಅನುಕೂಲ, ಇವನ್ನು ತೋರಿಸಿ. ರೈಲು ಗೆಲ್ಲುವುದು ಅಲ್ಲಿ. ಹತ್ತು ಕಿಲೋಮೀಟರಿನ ಓಡಾಟದಲ್ಲಿ ಬಸ್ಸಿನ ಜತೆ ಜಿದ್ದಿಗೆ ಬೀಳಬೇಡಿ.

ಊರು ಬೆಳೆಯುವ ದಿಕ್ಕನ್ನೂ ತೋರಿಸಿ. ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರದ ಸಣ್ಣ ಗೇಜಿನ ರೈಲು ನಿಂತಾಗ ಇದರಿಂದ ಲಾಭ ಎಲ್ಲಿ ಅಂದವರೇ ಜಾಸ್ತಿ. 2013ರಲ್ಲಿ ಬ್ರಾಡ್ ಗೇಜ್ ಕೋಲಾರದವರೆಗೆ ಜೋಡಿಸಿತು. 2021ರ ಜನವರಿಯಲ್ಲಿ ಅದೇ ಲೈನಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಒಂದು ಹಾಲ್ಟ್ ಸ್ಟೇಷನ್ ಬಂತು. ದೇವನಹಳ್ಳಿಗೆ ವಿಮಾನ ಇಳಿಯುತ್ತದೆ ಅಂತ ಸಣ್ಣ ಗೇಜಿನ ಕಾಲದಲ್ಲಿ ಯಾರು ಎಣಿಸಿದ್ದರು!

5. ಸಮಿತಿ

ಚಿಕ್ಕದಾಗಿರಲಿ. ಲೈನಿನ ಪ್ರತಿ ಸ್ಟೇಷನ್ ಊರಿಂದ ಒಬ್ಬರಾದರೂ ಇರಲಿ. ಪಕ್ಷದ ಬಾವುಟ ಬೇಡ, ಎಲ್ಲ ಪಕ್ಷದವರೂ ಬರಲಿ. ಒಬ್ಬ ನಿವೃತ್ತ ರೈಲ್ವೆ ನೌಕರ ಸಿಕ್ಕರೆ ಅರ್ಧ ಕೆಲಸ ಆದಹಾಗೆ. ವರ್ಕಿಂಗ್ ಟೈಮ್ ಟೇಬಲ್ (ರೈಲ್ವೆ ಸಿಬ್ಬಂದಿಯ ಒಳಗಿನ ವೇಳಾಪಟ್ಟಿ) ಓದುವುದು, ಯಾವ ರೇಕ್ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಹಣ ಎತ್ತುವುದಾದರೆ ಸಂಘವನ್ನು ನೋಂದಾಯಿಸಿ, ರಸೀದಿ ಕೊಡಿ. ಇಲ್ಲದಿದ್ದರೆ ನೋಂದಣಿಗೆ ಅವಸರ ಬೇಡ.

6. ಪತ್ರ ಯಾರಿಗೆ, ಹೇಗೆ?

ಹೊಸ ರೈಲು ಕೇಳುವುದಕ್ಕಿಂತ ಇರುವ ರೈಲನ್ನು ಮುಂದಕ್ಕೆ ವಿಸ್ತರಿಸಿ ಅಂತ ಕೇಳುವುದು ಜಾಣತನ. ಹೊಸ ರೈಲು ಅಂದರೆ ಹೊಸ ರೇಕ್, ಲೋಕೋ ಪೈಲಟ್, ಗಾರ್ಡ್, ತೊಳೆಯಲು ಪಿಟ್ ಲೈನ್. ಆದರೆ ಹತ್ತಿರದ ಜಂಕ್ಷನ್ನಿನಲ್ಲಿ ಹಗಲೆಲ್ಲ ಸುಮ್ಮನೆ ನಿಂತಿರುವ ರೇಕ್ ಒಂದು ಇದ್ದೇ ಇರುತ್ತದೆ. ರೈಲ್ವೆಯವರು ಇದನ್ನು 'ಲೈ ಓವರ್' ಅನ್ನುತ್ತಾರೆ. ಅದನ್ನು ಹುಡುಕಿ. ಸ್ಟೇಷನ್ ಬೋರ್ಡ್, ವೇಳಾಪಟ್ಟಿ ನೋಡಿದರೆ ಬೆಳಿಗ್ಗೆ ಬಂದು ಸಂಜೆ ಹೊರಡುವ ರೈಲು ಯಾವುದು ಅಂತ ತಿಳಿಯುತ್ತದೆ. ಆಮೇಲೆ ಪತ್ರ ಹೀಗಿರಲಿ:

"ಬೆಳಿಗ್ಗೆ ಇಷ್ಟು ಗಂಟೆಗೆ ಜಂಕ್ಷನ್ ತಲುಪುವ ಇಂಥ ಸಂಖ್ಯೆಯ ರೈಲಿನ ರೇಕ್ ಸಂಜೆವರೆಗೆ ಅಲ್ಲೇ ನಿಂತಿರುತ್ತದೆ. ಅದೇ ರೇಕನ್ನು ನಮ್ಮ ಊರಿನವರೆಗೆ ಒಂದು ಸುತ್ತು ಓಡಿಸಲು ಕೋರುತ್ತೇವೆ. ಮಾರ್ಗದಲ್ಲಿ ಈಗಾಗಲೇ ಗೂಡ್ಸ್ ಓಡುತ್ತಿದೆ. ಬಸ್ ಎಣಿಕೆಯ ಪಟ್ಟಿ ಲಗತ್ತಿಸಿದೆ. ಸಾಮಾನ್ಯ ಪ್ಯಾಸೆಂಜರ್ ದರದಲ್ಲೇ ಓಡಿಸಬೇಕು."

ಕೊನೆಯ ಸಾಲನ್ನು ಬಿಡಬೇಡಿ. ಕೊರೊನಾ ನಂತರ ಹಲವು ಪ್ಯಾಸೆಂಜರ್‌ಗಳು ವಿಶೇಷ ರೈಲಿನ ಹೆಸರಲ್ಲಿ ಎಕ್ಸ್‌ಪ್ರೆಸ್ ದರಕ್ಕೆ ಓಡಿದವು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಹೋಗಿತ್ತು, ಮತ್ತೆ ಇಳಿದಿದ್ದು 2024ರ ಫೆಬ್ರವರಿಯಲ್ಲಿ. ಮೂರು ಪಟ್ಟು ದರದಲ್ಲಿ ಖಾಲಿ ಓಡಿ, "ನೋಡಿ, ಜನ ಇಲ್ಲ" ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಈ ಪತ್ರ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ, ಅಂದರೆ ಡಿಆರ್‌ಎಂಗೆ ಹೋಗಲಿ. ಪ್ರತಿಗಳು ಹುಬ್ಬಳ್ಳಿಯಲ್ಲಿರುವ ನೈಋತ್ಯ ರೈಲ್ವೆಯ ಜನರಲ್ ಮ್ಯಾನೇಜರ್‌ಗೆ, ಸಂಸದರಿಗೆ, ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಗೆ. ಹಳಿಗೇ ದುಡ್ಡು ಬೇಕಾದ ಲೈನ್ ಆದರೆ ರಾಜ್ಯದ ಪತ್ರ ಬಹಳ ಮುಖ್ಯ. ಕರ್ನಾಟಕ ಹಲವು ರೈಲ್ವೆ ಯೋಜನೆಗಳಿಗೆ ಅರ್ಧ ಖರ್ಚು ಮತ್ತು ಜಮೀನು ಕೊಟ್ಟಿದೆ. ಪಾಲು ಕೊಡಲು ರಾಜ್ಯ ಒಪ್ಪಿದರೆ ದೆಹಲಿಯ ಲೆಕ್ಕಾಚಾರ ಬದಲಾಗುತ್ತದೆ. ಮುಚ್ಚುವ ವಿಷಯದಲ್ಲೂ ರಾಜ್ಯದ ಮಾತಿಗೆ ತೂಕ ಇದೆ. 1983ರ ರೈಲ್ವೆ ಸುಧಾರಣಾ ಸಮಿತಿ ನಷ್ಟದ 40 ಶಾಖಾ ಲೈನ್‌ಗಳನ್ನು ಮುಚ್ಚಿ ಅಂದಿತ್ತು. ರಾಜ್ಯಗಳು ಒಪ್ಪದ ಕಾರಣ ಅಷ್ಟನ್ನೂ ಮುಚ್ಚಲಾಗಲಿಲ್ಲ.

7. ಸಂಸದರಿಂದ ಕೆಲಸ ತೆಗೆಯುವ ಬಗೆ

ಹಾರ ಹಾಕಿ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಪೇಪರಿನಲ್ಲಿ ಬರುತ್ತದೆ, ಅಷ್ಟೇ. ಅದರ ಬದಲು ಪ್ರಶ್ನೆಯನ್ನು ನೀವೇ ಬರೆದುಕೊಟ್ಟುಬಿಡಿ. ಲೋಕಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಅದು ಶಾಶ್ವತ ದಾಖಲೆ. ಲೋಕಸಭೆಯ 377ನೇ ನಿಯಮದಡಿ, ಅಂದರೆ ಊರಿನ ಸಮಸ್ಯೆಯನ್ನು ಸದನದ ಗಮನಕ್ಕೆ ತರುವ ದಾರಿಯಲ್ಲಿ, ವಿಷಯ ಎತ್ತಲೂ ಹೇಳಿ.

ಉತ್ತರ ಬಂದಾಗ ಪದಗಳನ್ನು ಸರಿಯಾಗಿ ಓದಿ. "ಪರಿಶೀಲಿಸಲಾಗುವುದು" ಅನ್ನುವ ಧಾಟಿಯ ಮಾತು ಸದನದಲ್ಲಿ ಬಂದರೆ ಅದನ್ನು ಸರ್ಕಾರದ ಭರವಸೆ ಅಂತ ಗುರುತಿಸಬಹುದು. ಹಾಗೆ ಗುರುತಾದರೆ ಮೂರು ತಿಂಗಳೊಳಗೆ ಈಡೇರಿಸಬೇಕು. ಅದನ್ನು ನೋಡಿಕೊಳ್ಳುವುದಕ್ಕೇ ಸಂಸತ್ತಿನಲ್ಲಿ ಭರವಸೆಗಳ ಸಮಿತಿ ಇದೆ. ಹೆಚ್ಚಿನ ಹೋರಾಟಗಾರರಿಗೆ ಈ ಬಾಗಿಲು ಗೊತ್ತೇ ಇಲ್ಲ. ಇನ್ನು, ಜನರಲ್ ಮ್ಯಾನೇಜರ್ ತಮ್ಮ ವ್ಯಾಪ್ತಿಯ ಸಂಸದರ ಜತೆ ಸಭೆ ನಡೆಸುತ್ತಾರೆ. ಅದರ ಮುಂಚೆ ನಿಮ್ಮ ಒಂದು ಪುಟದ ಟಿಪ್ಪಣಿ ಸಂಸದರ ಆಪ್ತ ಸಹಾಯಕರ ಕೈಲಿರಬೇಕು. ಒಂದೇ ಪುಟ. ಎರಡನೇ ಪುಟವನ್ನು ಯಾರೂ ಓದುವುದಿಲ್ಲ.

8. ರೈಲು ತಡೆ ಮಾಡಬೇಕಾ?

ಬೇಡ ಅನ್ನೋದು ನನ್ನ ಅಭಿಪ್ರಾಯ. ರೈಲ್ವೆ ಕಾಯ್ದೆಯ 174ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲಾಗಬಹುದು. ಕೇಸು ಬಿದ್ದರೆ ಕೆಲಸ ಹುಡುಕುವ ಹುಡುಗರಿಗೆ ಅದು ಬಹಳ ದಿನ ಕಾಡುತ್ತದೆ. ತಾಲ್ಲೂಕು ಕಚೇರಿ ಎದುರು ಧರಣಿ, ಒಂದು ದಿನದ ಬಂದ್, ಸ್ಟೇಷನ್ ಹೊರಗೆ ಸಭೆ ಇವೆಲ್ಲ ಸಾಕು.

ಸ್ಕಾಟ್ಲೆಂಡಿನ ಗಡಿನಾಡಿನ ಕತೆ ಇಲ್ಲಿ ನೆನಪಾಗುತ್ತದೆ. ಎಡಿನ್‌ಬರೋದಿಂದ ಕಾರ್ಲೈಲ್‌ಗೆ ಹೋಗುತ್ತಿದ್ದ ವೇವರ್ಲಿ ಲೈನ್ 1969ರ ಜನವರಿಯಲ್ಲಿ ಮುಚ್ಚಿತು. ಕೊನೆಯ ರೈಲು ಬಂದ ರಾತ್ರಿ ನ್ಯೂಕ್ಯಾಸಲ್‌ಟನ್ ಅನ್ನುವ ಹಳ್ಳಿಯ ಜನ ಗೇಟ್ ಹಾಕಿ ರೈಲನ್ನೇ ತಡೆದರು, ಊರಿನ ಪಾದ್ರಿಯನ್ನು ಪೊಲೀಸರು ಹಿಡಿದರು. ಲೈನ್ ಮಾತ್ರ ಉಳಿಯಲಿಲ್ಲ. 1999ರಲ್ಲಿ ಹೊಸ ಹೋರಾಟ ಸಂಘಟನೆ ಹುಟ್ಟಿತು. 2006ರಲ್ಲಿ ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ ಕಾಯ್ದೆ ಆಯಿತು. 2015ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದಿಂದ ಟ್ವೀಡ್‌ಬ್ಯಾಂಕ್‌ವರೆಗೆ, ಸುಮಾರು 57 ಕಿಲೋಮೀಟರ್, ರೈಲು ಮತ್ತೆ ಓಡಿತು. ಗೇಟ್ ಹಾಕಿದ ಆ ಹಳ್ಳಿ ಇನ್ನೂ ದಕ್ಷಿಣಕ್ಕಿದೆ, ಅಲ್ಲಿಗೆ ರೈಲು ಹೋಗಲಿಲ್ಲ. ನಡುವಿನ ವರ್ಷಗಳಲ್ಲಿ ಹಳೇ ದಾರಿಯನ್ನು ಎಡಿನ್‌ಬರೋದ ಬೈಪಾಸ್ ರಸ್ತೆ ಕತ್ತರಿಸಿಬಿಟ್ಟಿತ್ತು, ಅದರಿಂದ ಖರ್ಚು ಹೆಚ್ಚಿತು. ನಾವು ಕಲಿಯಬೇಕಾದ್ದು ಇದನ್ನೇ. ರೈಲು ತಡವಾದರೂ ಸರಿ, ಜಾಗ ಹೋಗಬಾರದು. ರೈಲ್ವೆ ಜಾಗದಲ್ಲಿ ಶೆಡ್ಡು, ರಸ್ತೆ, ಸೈಟು ಎದ್ದರೆ ತಕ್ಷಣ ಫೋಟೋ ಸಮೇತ ಡಿಆರ್‌ಎಂ ಕಚೇರಿಗೆ ಬರೆಯಿರಿ.

9. ಒಪ್ಪಿಗೆ ಸಿಕ್ಕಮೇಲೆ

ಸಿಹಿ ಹಂಚಲು ಅವಸರ ಬೇಡ. ಹೊಸ ಲೈನ್ ಆಗಲಿ, ಗೇಜ್ ಬದಲಾದ ಲೈನ್ ಆಗಲಿ, ಕೇಂದ್ರ ಸರ್ಕಾರದ ಆದೇಶದಿಂದ ಮುಚ್ಚಿದ ಲೈನ್ ಆಗಲಿ, ಜನ ಹತ್ತುವ ಮುಂಚೆ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಬೇಕು. ಈ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ. ರೈಲ್ವೆಯ ಕೆಲಸವನ್ನು ರೈಲ್ವೆಯೇ ಸರಿ ಅನ್ನಬಾರದು ಅಂತ ಹಾಗೆ ಇಟ್ಟಿದ್ದಾರೆ. ಅವರು ಆಕ್ಷೇಪ ಎತ್ತಿದರೆ ಸಂಸದರ ಕೈಲಿ ಒತ್ತಡ ಹಾಕಿಸಬೇಡಿ. ಆಕ್ಷೇಪ ಏನು ಅಂತ ತಿಳಿದು, ಅದನ್ನು ಸರಿಪಡಿಸಿ ಅಂತ ಡಿಆರ್‌ಎಂ ಬೆನ್ನುಹತ್ತಿ.

ಇನ್ನು ಮೊದಲ ರೈಲು. ಅಳ್ನಾವರ–ದಾಂಡೇಲಿ ಪ್ಯಾಸೆಂಜರ್ 2019ರ ನವೆಂಬರ್‌ನಲ್ಲಿ ಸಂಭ್ರಮದಿಂದ ಶುರುವಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ದೇಶದ ಎಲ್ಲ ಪ್ಯಾಸೆಂಜರ್ ರೈಲುಗಳ ಜತೆ ಅದೂ ನಿಂತಿತು. ಆಮೇಲೆ ಮತ್ತೆ ಓಡಿಸಿ ಅಂತ ಊರಿನವರು ಹೊಸದಾಗಿ ಮನವಿ ಹಿಡಿಯಬೇಕಾಯಿತು. ನಾಲ್ಕೈದು ತಿಂಗಳು ಓಡಿದ ರೈಲಿಗೆ ತೋರಿಸಲು ಲೆಕ್ಕ ಎಲ್ಲಿರುತ್ತದೆ?

ಹಾಗಾಗಿ ಮೊದಲ ದಿನದಿಂದಲೇ ಲೆಕ್ಕ ಕಟ್ಟಿ. ನಿಮ್ಮೂರಿನಿಂದ ಹತ್ತುವವರು ನಿಮ್ಮೂರಿನ ಸ್ಟೇಷನ್ ಹೆಸರಲ್ಲೇ ಟಿಕೆಟ್ ತೆಗೆಯಲಿ. ಜಂಕ್ಷನ್ನಿನಲ್ಲಿ ಇಳಿದು ಮತ್ತೊಂದು ಟಿಕೆಟ್ ಕೊಳ್ಳುವ ಬದಲು ಕೊನೆಯ ಊರಿನವರೆಗೆ ಒಂದೇ ಟಿಕೆಟ್ ತೆಗೆದರೆ ಆದಾಯ ನಿಮ್ಮ ಸ್ಟೇಷನ್ನಿನ ಖಾತೆಗೆ ಬರುತ್ತದೆ. ಕಾಲೇಜು ಹುಡುಗರು ಪಾಸ್ ಮಾಡಿಸಲಿ. "ಒಂದೇ ಸ್ಟೇಷನ್ ಅಲ್ವಾ, ಯಾರು ಕೇಳ್ತಾರೆ" ಅಂತ ಟಿಕೆಟ್ ಇಲ್ಲದೆ ಹತ್ತುವವರಿಗೆ ಸಮಿತಿಯವರೇ ಬುದ್ಧಿ ಹೇಳಲಿ. ಪ್ರತಿ ತಿಂಗಳು ಸ್ಟೇಷನ್‌ವಾರು ಟಿಕೆಟ್ ಮಾರಾಟದ ಅಂಕಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಟೈಮಿಂಗ್ ಕಾಲೇಜಿಗೆ, ಕಚೇರಿಗೆ ಹೊಂದದಿದ್ದರೆ ರೈಲು ಖಾಲಿ ಓಡುವುದು ಖಂಡಿತ. ಅದು ವರ್ಷ ಪೂರ್ತಿ ಖಾಲಿ ಓಡುವವರೆಗೆ ಕಾಯಬೇಡಿ. ಮೂರನೇ ತಿಂಗಳಿಗೇ ಆ ಅಂಕಿ ಮತ್ತು ಹಳೇ ಬಸ್ ಎಣಿಕೆ ಎರಡನ್ನೂ ಹಿಡಿದು ಡಿಆರ್‌ಎಂ ಕಚೇರಿಗೆ ಹೋಗಿ, ಹೊಸ ವೇಳಾಪಟ್ಟಿ ಅಚ್ಚಾಗುವ ಮುಂಚೆ ಎಷ್ಟು ನಿಮಿಷ ಹಿಂದೆ ಮುಂದೆ ಮಾಡಬೇಕು ಅನ್ನೋದನ್ನು ಬರೆದುಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.